ಅಡುಗೆಕಟ್ಟೆಗೆ ಅಳತೆ ತೆಗೆದ ಟೈಲರು

ಟೈಲರಿಗೆ ಕೋಪ ಬಂದದ್ದು ಕಲ್ಲಿನ ಬೆಲೆ ಕೇಳಿ ಅಲ್ಲ. ಗ್ರಾನೈಟ್ ಅಂಗಡಿಯವನು, "ಮೊದಲು ನಮ್ಮ ಮೇಸ್ತ್ರಿ ಬಂದು ನಿಮ್ಮ ಅಡುಗೆಮನೆ, ಬಚ್ಚಲುಮನೆ ಅಳತೆ ತಗೋತಾರೆ" ಎಂದನಲ್ಲ, ಆ ಮಾತಿಗೆ. ಅಳತೆ! ಅದೂ ಇನ್ನೊಬ್ಬ ಬಂದು! ಮೂವತ್ತೆರಡು ವರ್ಷದಿಂದ ಕುತ್ತಿಗೆಗೆ ಟೇಪು ನೇತುಹಾಕಿಕೊಂಡೇ ಬದುಕಿದ ಮನುಷ್ಯನ ಮನೆಗೆ! (ಅವರ ಮದುವೆಯ ಫೋಟೋದಲ್ಲೂ ಕೋಟಿನ ಕಾಲರಿನ ಕೆಳಗಿನಿಂದ ಟೇಪಿನ ತುದಿ ಇಣುಕುತ್ತದೆ. ಹೆಂಡತಿ ಅದನ್ನು ಇವತ್ತಿಗೂ ಕ್ಷಮಿಸಿಲ್ಲ.)

"ಉಸಿರಾಡೋ ಮನುಷ್ಯರ ಅಳತೆ ತೆಗೆದೋನು ರೀ ನಾನು! ಹೊಟ್ಟೆ ಒಳಗೆ ಎಳ್ಕೊಂಡು ಮೋಸ ಮಾಡೋ ಗಿರಾಕಿಗಳನ್ನೇ ಹಿಡಿದಿದೀನಿ. ಅಲ್ಲಾಡದೆ ನಿಂತಿರೋ ಗೋಡೆ ನಂಗ್ಯಾವ ಲೆಕ್ಕ?"

"ಅವರೇ ತೆಗೀಲಿ ಬಿಡಿ," ಎಂದಳು ಹೆಂಡತಿ. "ತಪ್ಪಾದ್ರೆ ಅವರ ತಲೆ ಮೇಲೇ ಇರತ್ತೆ."

ಅವಳು ಬಿರುಕು ಬಿಟ್ಟ ಸಿಮೆಂಟು ಕಟ್ಟೆಯ ಮೇಲೆ ಹನ್ನೊಂದು ವರ್ಷ ಅಡುಗೆ ಮಾಡಿದವಳು. ಹೊಸ ಕಲ್ಲು ನೆಟ್ಟಗೆ ಕೂತರೆ ಅವಳಿಗೆ ಸಾಕಾಗಿತ್ತು. ಟೈಲರಿಗೆ ಮಾತ್ರ ಇದು ಮಾನದ ಪ್ರಶ್ನೆಯಾಗಿಬಿಟ್ಟಿತ್ತು. ಬೀದಿಯವರೆಲ್ಲ "ಅಳತೆ ಅಂದ್ರೆ ಅವರದು" ಎನ್ನುತ್ತಿದ್ದರು, ಜೀವಮಾನದಲ್ಲಿ ಅವರು ಗಳಿಸಿದ ಬಿರುದು ಅದೊಂದೇ. ಅದನ್ನು ಸ್ವಂತ ಅಡುಗೆಮನೆಯಲ್ಲೇ ಬಿಟ್ಟುಕೊಡಲು ಅವರು ತಯಾರಿರಲಿಲ್ಲ.

ಮರುದಿನ ಗಂಡಹೆಂಡಿರು ಶಿಲಾಪರೀಕ್ಷೆಗೆ ಹೊರಟರು. ಅಂಗಡಿಯ ಹಿಂದಿನ ಬಯಲಲ್ಲಿ ಚಪ್ಪಡಿಗಳು ಸಾಲಾಗಿ ಒರಗಿ ನಿಂತಿದ್ದವು. ಟೈಲರು ಮೊದಲನೆಯದರ ಅಂಚನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಉಜ್ಜಿ ನೋಡಿದರು.

"ಪನ್ನ ಎಷ್ಟು?"

"ಏನಂದ್ರಿ?" ಎಂದ ಅಂಗಡಿಯವನು.

"ಅಗಲ ರೀ, ಅಗಲ. ತೊಳೆದ್ರೆ ಬಣ್ಣ ಬಿಡತ್ತಾ?"

"ಇದು ಕಲ್ಲು ಸಾರ್. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಹೀಗೇ ಇರತ್ತೆ." ಅವನು ಒಂದು ಚೊಂಬು ನೀರು ಎರಚಿದ. ನೀರು ಬಿದ್ದದ್ದೇ ತಡ, ಧೂಳು ಹಿಡಿದು ಮಂಕಾಗಿದ್ದ ಕಲ್ಲು ಕಡುಕಪ್ಪಾಗಿ ಮಿಂಚಿತು.

"ಇದೇ ಇರ್ಲಿ, ಕಲೆ ಕಾಣಲ್ಲ," ಎಂದಳು ಹೆಂಡತಿ.

"ಕಪ್ಪಾ? ಇರು, ಅದರ ಪಕ್ಕ ನಿಂತ್ಕೋ. ನಿನ್ನ ಮೈಬಣ್ಣಕ್ಕೆ ಒಪ್ಪತ್ತಾ ನೋಡ್ತೀನಿ."

"ನಾನೇನು ಅದನ್ನ ಉಟ್ಕೋತೀನಾ?"

(ಆದರೂ ನಿಂತಳು. ಆಮೇಲೆ ಕಂದು ಕಲ್ಲಿನ ಪಕ್ಕ ನಿಂತಾಗ ಸ್ವಲ್ಪ ಕೂದಲನ್ನೂ ಸರಿಮಾಡಿಕೊಂಡಳು.)

ಕೊನೆಗೆ ಗೆದ್ದದ್ದು ಓರೆ ಗೆರೆಗಳ ಆ ಕಂದು ಕಲ್ಲು. ಮೂಲೆಯಲ್ಲಿ ಎರಡು ತುಂಡು ಕೂಡುವ ಕಡೆ ಗೆರೆಗೆ ಗೆರೆ ಸೇರಲೇಬೇಕು ಎಂದು ಟೈಲರು ಪಟ್ಟು ಹಿಡಿದರು. ಚೌಕಳಿ ಅಂಗಿಗೆ ಜೇಬು ಕೂರಿಸುವವರ ಕಷ್ಟ ಅಂಗಡಿಯವನಿಗೇನು ಗೊತ್ತು? ಅಪ್ಪನ ಪ್ಯಾಂಟಿನಲ್ಲಿ ಉಳಿದ ಬಟ್ಟೆಯಿಂದ ಮಗನಿಗೊಂದು ಚಡ್ಡಿ ಎಬ್ಬಿಸುವಂತೆ, ಅಡುಗೆಕಟ್ಟೆಯಲ್ಲಿ ಉಳಿದದ್ದರಿಂದಲೇ ಬಚ್ಚಲಿನ ಕಟ್ಟೆಯನ್ನೂ ಎಬ್ಬಿಸುವ ಲೆಕ್ಕ ಹಾಕಿದರು.

ಸಂಜೆ ಮನೆಯಲ್ಲಿ ಮಹಾಮಾಪನ ಕಾರ್ಯ ನಡೆಯಿತು. ಗೋಡೆಯಿಂದ ಗೋಡೆಗೆ ಮೂರು ಸಲ ಟೇಪು ಎಳೆದರು. ತಂದಿಟ್ಟಿದ್ದ ಹೊಸ ಸ್ಟೀಲ್ ಸಿಂಕನ್ನು ಮೇಜಿನ ಮೇಲೆ ಕೂರಿಸಿ ಸೊಂಟದ ಸುತ್ತಳತೆ ತೆಗೆದರು. ಎಲ್ಲವನ್ನೂ ರಸೀದಿ ಪುಸ್ತಕದಲ್ಲಿ ಬರೆದು, ಅಭ್ಯಾಸಬಲದಿಂದ ಕೆಳಗೆ "ಮಂಗಳವಾರ ಟ್ರಯಲ್" ಎಂದೂ ಸೇರಿಸಿ ಕಲ್ಲಿನ ಅಂಗಡಿಗೆ ಕೊಟ್ಟುಬಂದರು.

ಮಂಗಳವಾರ ಮೇಸ್ತ್ರಿ, ಕತ್ತರಿಸಿದ ಕಲ್ಲುಗಳ ಸಮೇತ ಬಂದ. ಅಡುಗೆಮನೆಯ ಕಲ್ಲು ಗೋಡೆಗಳ ನಡುವೆ ಇಳಿಯಲಿಲ್ಲ.

"ಒಂದೂವರೆ ಇಂಚು ಜಾಸ್ತಿ ಇದೆಯಲ್ಲ ಸಾರ್?"

"ಇರಲೇಬೇಕು. ಹೊಲಿಗೆಗೆ ಬಿಟ್ಟಿದೀನಿ."

"ಯಾವ ಹೊಲಿಗೆ?"

ಕೈ ತಾನಾಗಿ ಬರೆದದ್ದನ್ನು ಬಾಯಿ ಸಮರ್ಥಿಸಬೇಕಿತ್ತು. "ಜಾಸ್ತಿ ಇದ್ರೆ ಕತ್ತರಿಸಬಹುದು. ಕಮ್ಮಿ ಇದ್ದಿದ್ರೆ ಏನ್ ಮಾಡ್ತಿದ್ರಿ, ತೇಪೆ ಹಾಕ್ತಿದ್ರಾ?"

ಮೇಸ್ತ್ರಿ ತಲೆ ಕೆರೆದುಕೊಂಡು ಯಂತ್ರ ಹಚ್ಚಿದ. ಕೆಂಧೂಳು ಎದ್ದು ಮನೆಮಂದಿಯೆಲ್ಲ ಒಂದೇ ಬಣ್ಣವಾದರು. ಆದರೆ ಕಲ್ಲು ಮೈಗೆ ಹೊಲಿದಂತೆ ಗೋಡೆಗೆ ಕೂತಿತು. ಟೈಲರ ಎದೆಯ ಅಳತೆ ಆಗ ಎರಡು ಇಂಚಾದರೂ ಹೆಚ್ಚಿರಬೇಕು. "ನೋಡಿದ್ಯಾ?" ಎಂಬಂತೆ ಹೆಂಡತಿಯ ಕಡೆ ತಿರುಗಿದರು. ಅವಳು ನಿಜವಾಗಿಯೂ ಖುಷಿಯಾಗಿದ್ದಳು, ಕಲ್ಲನ್ನು ಅಂಗೈಯಿಂದ ಸವರುತ್ತಿದ್ದಳು.

"ಇನ್ನು ಸಿಂಕು," ಎಂದು ಮೇಸ್ತ್ರಿ ಅದನ್ನೆತ್ತಿ ಕಲ್ಲಿನ ತೂತಿನೊಳಗೆ ಇಳಿಬಿಟ್ಟ. ಸಿಂಕು ಇಳಿಯಿತು. ಅಂಚಿನ ಹತ್ತಿರ ನಿಲ್ಲಬೇಕಾದ್ದು ನಿಲ್ಲದೆ ಇನ್ನೂ ಇಳಿಯಿತು. ಧಡಾರನೆ ನೆಲಕ್ಕೆ ಬಿದ್ದು ಒಂದು ಸುತ್ತು ತಿರುಗಿ ಮಲಗಿತು.

ಟೈಲರು ಬಗ್ಗಿ ತೂತಿಗೆ ಟೇಪು ಹಿಡಿದರು. ಚೀಟಿಯಲ್ಲಿ ಬರೆದಷ್ಟೇ ಇತ್ತು, ಒಂದೆಳೆ ಹೆಚ್ಚಿಲ್ಲ, ಒಂದೆಳೆ ಕಮ್ಮಿಯಿಲ್ಲ.

"ಇಲ್ಲೂ ಬಿಟ್ಟಿದೀರಾ?" ಎಂದ ಮೇಸ್ತ್ರಿ ಮೆಲ್ಲಗೆ.

"ಸುತ್ತ ಒಂದೊಂದು ಇಂಚು. ಸ್ವಲ್ಪ ಸಡಿಲ ಇರ್ಲಿ ಅಂತ..."

"ಮುಂದೆ ಸಿಂಕು ದಪ್ಪ ಆದ್ರೆ ಬೇಕಾಗತ್ತೆ ನೋಡಿ," ಎಂದಳು ಹೆಂಡತಿ.

ಮೇಸ್ತ್ರಿ ನಗು ತಡೆಯಲಾರದೆ ನೀರು ಕುಡಿಯುವ ನೆಪದಲ್ಲಿ ಹೊರಗೆ ಹೋದ. ಟೈಲರ ಮುಖ ಹುಳ್ಳಗಾಯಿತು. ಕಲ್ಲಿನ ತೂತನ್ನು ಚಿಕ್ಕದು ಮಾಡುವ ವಿದ್ಯೆ ಭೂಮಿಯ ಮೇಲೆ ಯಾರಿಗೂ ಇರಲಿಲ್ಲ. ತೂತಿಗೆ ತಕ್ಕ ಸಿಂಕನ್ನೇ ಹುಡುಕಿ ತರಬೇಕಾಯಿತು. ಬಂದದ್ದು ಒಂದು ಕರುವಿಗೆ ಮೈ ತೊಳೆಸಬಹುದಾದಷ್ಟು ದೊಡ್ಡ ಸಿಂಕು. ಅದರ ತಳಕ್ಕೆ ಸೌಟು ಬಿದ್ದರೆ ಹೆಂಡತಿ ತುದಿಗಾಲಲ್ಲಿ ನಿಂತು ತೆಗೆಯಬೇಕು.

ಮೇಸ್ತ್ರಿ ಹೋದ ಮನೆಯಲ್ಲೆಲ್ಲ ಈ ಕಥೆಯನ್ನು ಹಂಚಿದ. ಹೊಲಿಗೆ ಅಂಗಡಿಗೆ ಬಂದ ಗಿರಾಕಿಗಳು ತೋಳು ಚಾಚಿ ನಿಂತು, ಟೇಪು ನೋಡಿ ತುಟಿ ಕಚ್ಚತೊಡಗಿದರು. ಟೈಲರಿಗೆ ಒಳಗೊಳಗೇ ನೋಯುತ್ತಿತ್ತು.

ಶನಿವಾರ ಆ ಮೇಸ್ತ್ರಿಯೇ ಹೂವಿನ ಬಟ್ಟೆ ಹಿಡಿದು ಅಂಗಡಿಗೆ ಬಂದ. ಟೈಲರ ಜೀವಕ್ಕೆ ಅಷ್ಟು ಸಮಾಧಾನವಾಯಿತು. ಕಣ್ಣಾರೆ ಕಂಡವನೇ ನಂಬಿ ಬಂದಿದ್ದಾನಲ್ಲ!

"ಮಗಳಿಗೊಂದು ಫ್ರಾಕು ಸಾರ್. ನಿಮ್ಮಷ್ಟು ಚೆನ್ನಾಗಿ ಹೊಲಿಯೋರು ಇನ್ಯಾರಿದಾರೆ?"

"ಹಾಗಾದ್ರೆ ಮಗೂನ ಕರ್ಕೊಂಡ್ ಬಾ, ಅಳತೆ ತಗೋತೀನಿ."

"ಅಳತೆ ಆಗಿದೆ ಸಾರ್," ಎಂದು ಮೇಸ್ತ್ರಿ ಸಂಕೋಚದಿಂದ ಜೇಬಿನಿಂದ ಚೀಟಿ ತೆಗೆದ.

ಟೈಲರಿಗೆ ಪಿತ್ತ ನೆತ್ತಿಗೇರಿತು. ನನ್ನ ಅಂಗಡಿಗೆ ಇನ್ನೊಬ್ಬರ ಅಳತೆಯೇ! ಚೀಟಿ ಕಿತ್ತುಕೊಂಡು ಬಿಡಿಸಿದರು. ಎದೆ, ಸೊಂಟ, ಉದ್ದ, ತೋಳು. ದುಂಡು ದುಂಡಾದ ಅಕ್ಷರಗಳು. ಇಷ್ಟು ವರ್ಷ ದಿನಸಿ ಪಟ್ಟಿಯಲ್ಲಿ ನೋಡಿದ್ದ ಅಕ್ಷರಗಳೇ. ಕೆಳಗೆ ಗೆರೆ ಎಳೆದು ಅವರ ಹೆಂಡತಿ ಬರೆದಿದ್ದಳು:

"ಹೊಲಿಗೆಗೆ ನಾನೇ ಬಿಟ್ಟು ಬರೆದಿದ್ದೇನೆ. ನೀವು ಏನೂ ಸೇರಿಸಬೇಡಿ."