ಚಿಕ್ಕಪ್ಪನ ಬೆನ್ನಿನ ಕಸಿ

ಮನುಷ್ಯನ ಸಕಲ ಘನತೆಯೂ ಅವನ ನೆಟ್ಟಗಿನ ಬೆನ್ನಿನಲ್ಲಿದೆ. ಆದರೆ ಆ ಘನತೆಯನ್ನು ಹೊತ್ತುಕೊಂಡು ಹಲಸಿನ ಮರ ಹತ್ತಬಾರದು ಎಂಬುದು ಹೊನ್ನಾವರದ ನಮ್ಮ ಚಿಕ್ಕಪ್ಪನಿಗೆ ಅರವತ್ತು ದಾಟಿದರೂ ತಿಳಿದಿರಲಿಲ್ಲ!

ಚಿಕ್ಕಪ್ಪನಿಗೆ ಕಸಿ ಕಟ್ಟುವ ಹುಚ್ಚು. ಎರಡು ಗಿಡಗಳನ್ನು ನೆಮ್ಮದಿಯಾಗಿ ಬೇರೆಬೇರೆ ಬದುಕಲು ಬಿಡುವುದು ಅವರ ಜಾಯಮಾನದಲ್ಲೇ ಇಲ್ಲ. ಸ್ಕೂಟರಿನ ಡಿಕ್ಕಿಯಲ್ಲಿ ಚೂರಿ, ಪ್ಲಾಸ್ಟಿಕ್ ಪಟ್ಟಿ ಇಟ್ಟುಕೊಂಡು ಅವರು ಹೊರಟರೆಂದರೆ ಭಟ್ಕಳದಿಂದ ಕುಮಟಾದವರೆಗಿನ ಮಾವಿನ ಗಿಡಗಳೆಲ್ಲ ಮೈ ಮುದುಡಿಕೊಳ್ಳುತ್ತಿದ್ದವು. ಒಮ್ಮೆ ಮಿರ್ಜಾನದ ಮದುವೆಯೊಂದಕ್ಕೆ ಹೋದವರು ಊಟದ ಪಂಕ್ತಿಯಲ್ಲಿ ಕಾಣಲಿಲ್ಲ. ಹುಡುಕಿದರೆ ಹಿತ್ತಿಲಲ್ಲಿ ಕೂತು, ಹೆಣ್ಣಿನವರ ಬಿಳಿ ದಾಸವಾಳಕ್ಕೆ ಕೆಂಪು ದಾಸವಾಳ ಕಟ್ಟುತ್ತಿದ್ದಾರೆ!

"ಒಳಗೆ ಒಂದು ಜೋಡಿ ಆತು, ಇಲ್ಲಿ ಇನ್ನೊಂದು," ಎಂದರು. ಹೆಣ್ಣಿನ ತಂದೆ ನಗಲಿಲ್ಲ.

ಇಂಥವರು ಮರದಿಂದ ಬಿದ್ದು, ಬೆನ್ನುಹುರಿಗೆ ಪೆಟ್ಟಾಗಿ, ಎರಡೂ ಕಾಲಿನ ಚಲನೆ ಕಳೆದುಕೊಂಡರು. ಆಪರೇಶನ್ ಮುಗಿಸಿ ಮನೆಗೆ ಬಂದವರೇ ಮೊಬೈಲಿನಲ್ಲಿ ಗ್ರೋತ್ ಫ್ಯಾಕ್ಟರ್ ಎಂಬುದರ ಬಗ್ಗೆ ಓದಿದರು. ಪೆಟ್ಟು ತಿಂದ ನರಕೋಶವನ್ನು ಸಾಯದಂತೆ ಉಳಿಸಿ, ತುಂಡಾದ ಎಳೆಯನ್ನು ಚಿಗುರಿಸುವ ಪ್ರೋಟೀನಂತೆ ಅದು. ಚಿಗುರು ಎಂಬ ಶಬ್ದ ಕಂಡ ಮೇಲೆ ಕೇಳಬೇಕೆ? ಡಾಕ್ಟರರು ತಮ್ಮ ಬೆನ್ನಿಗೆ ಕಟ್ಟಿದ್ದು ಕಸಿಯೇ ಎಂದು ತೀರ್ಮಾನವಾಯಿತು. ಕಸಿಯನ್ನು ಅಲುಗಿಸಬಾರದು. ಆದ್ದರಿಂದ ಚಿಕ್ಕಪ್ಪನನ್ನೂ ಅಲುಗಿಸಬಾರದು!

ವ್ಯಾಯಾಮ ಮಾಡಿಸಲು ಭಟ್ಕಳದಿಂದ ಬರುತ್ತಿದ್ದ ಫಿಸಿಯೋಥೆರಪಿಯ ಹುಡುಗಿ ಹೊಸ್ತಿಲು ದಾಟುವ ಮುನ್ನವೇ ಹಾಸಿಗೆಯಿಂದ ಕೂಗು ಹೊರಟಿತು.

"ಮುಟ್ಟಬೇಡ ಮಾರಾಯ್ತಿ! ಕಸಿ ಕೂಡುವ ಹೊತ್ತು."

"ಅಂಕಲ್, ನೀವು ಗಿಡ ಅಲ್ಲ. ಆ ಪ್ರೋಟೀನು ಇಲಿಗಳ ಬೆನ್ನಲ್ಲಿ ಎಳೆ ಬೆಳೆಸಿದೆ. ಮನುಷ್ಯರಿಗೆ ಔಷಧಿ ಅಂತ ಇನ್ನೂ ಆಗ್ಲಿಲ್ಲ."

"ಎಂತ! ಇಲಿಗೆ ಉಂಟು, ನಂಗೆ ಇಲ್ಲ?"

ಅಂದಿನಿಂದ ಮನೆಯ ಬೆಕ್ಕಿಗೆ ಇಲಿ ಹಿಡಿಯುವುದು ನಿಷಿದ್ಧವಾಯಿತು. ನಮಗಿಂತ ಮುಂದೆ ಹೋದ ಜಾತಿ, ಮರ್ಯಾದೆ ಕೊಡಬೇಕಂತೆ. ಚಿಕ್ಕಮ್ಮನ ಅಕ್ಕಿಚೀಲಕ್ಕೆ ತೂತು ಬಿತ್ತು.

ಹುಡುಗಿ ಸೋಲುವವಳಲ್ಲ. "ಕಾಲು ಆಡಿಸ್ತಾ ಇದ್ರೆ ಮೈಯೇ ಅದನ್ನ ಸ್ವಲ್ಪ ಹುಟ್ಟಿಸ್ಕೊಳ್ತದೆ, ಅಂಕಲ್. ಉಳಿದಿರೋ ಎಳೆಗೆ ಅದೇ ಗೊಬ್ಬರ. ಹೀಗೇ ಮಲಗಿದ್ರೆ ಕೀಲು ಬಿಗಿದು, ಬರೋ ಕಾಲೂ ಬರೋದಿಲ್ಲ."

ಚಿಕ್ಕಪ್ಪ ಜಗ್ಗಲಿಲ್ಲ. ನನಗೆ ಅನುಮಾನ ಬಂದದ್ದೇ ಆಗ. ಗೊಬ್ಬರ ಎಂದರೆ ಪಂಕ್ತಿಯಿಂದಲೂ ಎದ್ದು ಹೋಗುವ ಆಸಾಮಿ ಸುಮ್ಮನಿರುವುದೆಂದರೇನು! ಹುಡುಗಿ ಹೋದ ಮೇಲೆ, "ಎಂತಕ್ಕೆ ಈ ಹಟ, ಚಿಕ್ಕಪ್ಪಾ?" ಎಂದು ಕೇಳಿದೆ.

ಅವರು ಗೋಡೆಯ ಕಡೆ ಮುಖ ತಿರುಗಿಸಿದರು.

"ಕಟ್ಟು ಬಿಚ್ಚುವ ತನಕ ಕಸಿ ಹಿಡಿದಿದೆ ಅಂತ್ಲೇ ಲೆಕ್ಕ ಅಲ್ವನಾ. ಬಿಚ್ಚಿ ನೋಡಿದಾಗ ಒಣಗಿದ್ರೆ?"

ಅಡುಗೆಮನೆಯಿಂದ ಚಿಕ್ಕಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. ಮದುವೆಯಾದಾಗಿನಿಂದ ಗಂಡನ ಒಂದೇ ಒಂದು ಕಸಿಯನ್ನೂ ಹೊಗಳದ ಹೆಂಗಸು, ಅವರ ಬಲಪಾದವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಮಂಚದ ತುದಿಯಲ್ಲಿ ಕೂತರು.

"ಒಣಗಿದ್ರೆ ಒಣಗ್ಲಿ. ನಾ ಹಿಡ್ಕೊಳ್ತೆ. ನೀವು ಕಣ್ಣು ಮುಚ್ಚಿ ಅಲುಗಿಸಿ."

ಅಂದು ಏನೂ ಅಲುಗಲಿಲ್ಲ. ಮರುದಿನದಿಂದ ಹುಡುಗಿಯನ್ನು ಯಾರೂ ತಡೆಯಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಬಲಗಾಲಿನ ಹೆಬ್ಬೆರಳು ಅಲುಗಿತು. ಎಡಗಾಲು ಇನ್ನೂ ಅಲುಗಿಲ್ಲ.