ಎದೆಯಲ್ಲಿಟ್ಟ ರಾಜೀನಾಮೆ

ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರು ಎರಡು ಮಾತು ಹೇಳಿದ್ದರು. ಎಡಗೈಯನ್ನು ಕೆಲವು ವಾರ ಭುಜಕ್ಕಿಂತ ಮೇಲೆ ಎತ್ತಬಾರದು ಅನ್ನುವುದು ಒಂದು. ಮಿಕ್ಕ ಕೆಲಸವನ್ನೆಲ್ಲ ಮೊದಲಿನ ಹಾಗೇ ಮಾಡಬಹುದು ಅನ್ನುವುದು ಇನ್ನೊಂದು. ಎರಡನೆಯದನ್ನು ಹೇಳುವ ಹೊತ್ತಿಗೆ ಹೆಂಡತಿ ಮಾತ್ರೆ ತರಲು ಹೋಗಿದ್ದಳು. ಕಾರ್ಯದರ್ಶಿ ಆ ಮಾತನ್ನು ಅಲ್ಲೇ ನುಂಗಿಕೊಂಡು ಮನೆಗೆ ಬಂದ.

ಕಾರ್ಯದರ್ಶಿ ಎಂದರೆ ದೊಡ್ಡ ಕಚೇರಿಯವನೇನಲ್ಲ. ಒಂದು ನಾಲ್ಕಂತಸ್ತಿನ ಕಟ್ಟಡದ ನಿವಾಸಿಗಳ ಸಂಘದ ಕಾರ್ಯದರ್ಶಿ. ನೀರು ಬರದಿದ್ದರೆ, ಲಿಫ್ಟ್ ನಿಂತರೆ, ಮೇಲಿನ ಮನೆಯವರು ಕುರ್ಚಿ ಎಳೆದರೆ, ಎಲ್ಲದಕ್ಕೂ ಬೈಸಿಕೊಳ್ಳುವುದು ಅವನ ಹುದ್ದೆ. ಸಂಬಳವಿಲ್ಲ. ಪಂಪ್ ರೂಮು, ಟೆರೇಸು, ಲಿಫ್ಟುಗಳ ಬೀಗದ ಕೈಗಳದೊಂದು ಗೊಂಚಲು ಅವನ ಬಳಿಯಿತ್ತು. ಅದನ್ನು ತೆಗೆದುಕೊಳ್ಳಲು ವರ್ಷಗಳಿಂದ ಯಾರೂ ಕೈ ಚಾಚಿರಲಿಲ್ಲ. ಈಗ ಎದೆಯ ಚರ್ಮದಡಿ, ಗುಂಡಿಗೆಗೆ ತಾಳ ಹಾಕುವ ಬ್ಯಾಟರಿಯ ಪೇಸ್‌ಮೇಕರ್ ಬಂದು ಕೂತಿದೆ. ಇವತ್ತು ಸಂಜೆ ಸಂಘದ ಸಭೆ. ಇಂಥವನನ್ನು ಇನ್ನೂ ದುಡಿಸುವ ಧೈರ್ಯ ಯಾರಿಗಿದೆ ಎಂದು ಅವನು ಒಳಗೊಳಗೇ ಹಿಗ್ಗಿದ.

"ರೀ, ಕೈ ಎತ್ತಬೇಡೀಂದ್ರೆ!"

ಅವನು ಎತ್ತಿದ್ದು ತಲೆ ಕೆರೆದುಕೊಳ್ಳಲು. ಹೆಂಡತಿ ಓಡಿಬಂದು ತನ್ನ ಹಳೇ ದುಪಟ್ಟಾದಿಂದ ಆ ಎಡಗೈಯನ್ನು ಮೈಗೆ ಸೇರಿಸಿ ಬಿಗಿದಳು. ಉಳಿದ ಬಲಗೈ ಎರಡನೇ ಮಹಡಿಯ ನಿವೃತ್ತ ಕಾಂಪೌಂಡರ್ ಪಾಲಾಯಿತು. ಕೆಲಸ ಬಿಟ್ಟ ಮೇಲೆ ಒಂದು ನಾಡಿಯೂ ಸಿಗದೆ ಕಂಗಾಲಾಗಿದ್ದ ಮನುಷ್ಯ, ಬೆಳಗಾಗುತ್ತಲೇ ಬಂದು ಮಣಿಕಟ್ಟು ಹಿಡಿದು ಕೂತರು.

"ಎಪ್ಪತ್ತು! ತಡೀರಿ, ಇನ್ನೊಂದ್ಸಲ ನೋಡೋಣ. ಎಪ್ಪತ್ತೇ!"

ಅಷ್ಟರಲ್ಲಿ ಮೇಲಿನ ಮನೆಯ ಟೀಚರಮ್ಮ ಬಾಗಿಲು ತಳ್ಳಿಕೊಂಡು ಬಂದರು. "ಏನ್ರೀ ಇದು, ನಮ್ಮನೇಲಿ ನೀರು ಬೆರಳಿನಷ್ಟು ಸಣ್ಣಗೆ..." ಎಂದವರು ಕಟ್ಟಿದ ಕೈ ಕಂಡು ದನಿ ಇಳಿಸಿದರು. "ಅಯ್ಯೋ ಸರ್, ಹೇಗಿದೀರಿ? ನಮ್ಮನೆ ಮಿಕ್ಸಿ ಹಾಕಿದ್ರೆ ನಿಮಗೇನೂ ಆಗಲ್ಲ ತಾನೆ?"

ಈ ಕಟ್ಟಡದಲ್ಲಿ ಯಾರಾದರೂ ಅವನನ್ನು ಹೇಗಿದೀರಿ ಎಂದು ಕೇಳಿದ್ದು ಅದೇ ಮೊದಲು. ಆ ಹಿಗ್ಗಿನಲ್ಲಿ ಸ್ವಲ್ಪ ಜಾಸ್ತಿಯೇ ಹೇಳಿಬಿಟ್ಟ.

"ಮಿಕ್ಸಿ ಪರವಾಗಿಲ್ಲ ಮೇಡಂ. ಆದ್ರೆ ಈ ಪಂಪು, ಲಿಫ್ಟು ಇದೆಯಲ್ಲ, ದೊಡ್ಡ ಮೋಟಾರು, ಒಳಗೆ ಮ್ಯಾಗ್ನೆಟ್ಟು... ಶುರುವಾದಾಗೆಲ್ಲ ಎದೇಲಿ ಜುಂ ಅನ್ನುತ್ತೆ."

ಮಿಕ್ಸಿ ಟೀಚರಮ್ಮನದು, ಪಂಪು ಕಾರ್ಯದರ್ಶಿಯದು. ಪಂಪಿನ ಕೆಲಸ ತಪ್ಪಿದರೆ ಸಾಕು, ಅವನ ಲೆಕ್ಕಾಚಾರ ಅಷ್ಟೇ ಇತ್ತು. ಆದರೆ ಟೀಚರಮ್ಮನಿಗೆ ತಿಳಿದದ್ದು ಕಟ್ಟಡಕ್ಕೆಲ್ಲ ತಿಳಿಯಲು ಮೆಟ್ಟಿಲು ಇಳಿಯುವಷ್ಟು ಹೊತ್ತು ಸಾಕಾಯಿತು. ಮಧ್ಯಾಹ್ನದೊಳಗೆ ಲಿಫ್ಟ್ ನಿಲ್ಲಿಸಿದರು. ಮೇನ್ ಸ್ವಿಚ್ಚಲ್ಲೇ ಪಂಪ್ ಆಫ್ ಮಾಡಿದರು. ಆಮೇಲೆ ಟ್ಯಾಂಕು ಬರಿದಾಯಿತು. ಕೆಳಮನೆಯ ವಕೀಲರು, ಅವರೇ ಸಂಘದ ಅಧ್ಯಕ್ಷರು, ತಲೆಗೆ ಸೋಪು ಹಚ್ಚಿಕೊಂಡ ಹೊತ್ತಿಗೆ ನಲ್ಲಿ ಗೊರಗೊರ ಎಂದು ನಿಂತುಹೋಯಿತು. ಆದರೂ ಯಾರೂ ಬೈಯಲಿಲ್ಲ. ಒಬ್ಬೊಬ್ಬರೇ ಖಾಲಿ ಬಕೆಟ್ ಹಿಡಿದು ಬಂದು, ಹಲ್ಲು ಕಚ್ಚಿಕೊಂಡು ಆರೋಗ್ಯ ವಿಚಾರಿಸಿ ಹೋದರು.

ಗಂಡನ ಎದೆ ಜುಂ ಅನ್ನುತ್ತದೆಂದು ಕೇಳಿದಾಗಿನಿಂದ ಹೆಂಡತಿಯ ಮುಖ ಬಿಳಿಚಿಕೊಂಡಿತ್ತು. ಫೋನು ಹಿಡಿದು ಬಾಲ್ಕನಿಗೆ ಹೋದಳು. ಅವನು ಅದನ್ನು ಗಮನಿಸಲಿಲ್ಲ. ಸಂಜೆಯ ಭಾಷಣವನ್ನು ಮನಸ್ಸಿನಲ್ಲೇ ತಿದ್ದುತ್ತಿದ್ದ.

ಲಿಫ್ಟ್ ಇಲ್ಲದ್ದರಿಂದ ಮೆಟ್ಟಿಲಿಳಿದೇ ಸಭೆಗೆ ಬರಬೇಕಾಯಿತು. ಕಾರುಗಳ ನಡುವೆ ಕುರ್ಚಿ ಹಾಕಿದ್ದರು. ಎಡಗೈ ದುಪಟ್ಟಾದಲ್ಲಿ, ಬಲಗೈ ಕಾಂಪೌಂಡರ್ ಹಿಡಿತದಲ್ಲಿ, ಕಾರ್ಯದರ್ಶಿಯನ್ನು ಯಾರೋ ಬಂಧಿಸಿ ತಂದ ಹಾಗಿತ್ತು. ಬಲಗೈಯನ್ನು ಕ್ಷಣಕಾಲ ಬಿಡಿಸಿಕೊಂಡು ಗೊಂಚಲನ್ನು ಮೇಜಿನ ಮೇಲಿಟ್ಟ.

"ಇಷ್ಟು ವರ್ಷ ಸೇವೆ ಮಾಡಿದೆ. ಇನ್ನು ಈ ಹೃದಯ ತಡೆಯೋದಿಲ್ಲ. ದಯವಿಟ್ಟು ಬಿಟ್ಟುಬಿಡಿ."

"ಖಂಡಿತ, ಖಂಡಿತ," ಎಂದರು ಕಿವಿಯಲ್ಲಿನ್ನೂ ಸೋಪಿದ್ದ ವಕೀಲರು. "ಬೀಗದ ಕೈ ಯಾರು ತಗೋತೀರಿ?"

ಟೀಚರಮ್ಮನಿಗೆ ಬೀಪಿ ನೆನಪಾಯಿತು. ಇನ್ನೊಬ್ಬರಿಗೆ ಶುಗರ್. ವಕೀಲರಿಗೆ ಕೋಪವೇ ಮಾಡಿಕೊಳ್ಳಬಾರದೆಂದು ಡಾಕ್ಟರು ಹೇಳಿದ್ದರಂತೆ; ಇದನ್ನು ಅವರು ಮೇಜು ಗುದ್ದಿ ಹೇಳಿದರು. ನೀರಿಲ್ಲದ ಸಿಟ್ಟೆಲ್ಲ ಅಲ್ಲೇ ಹೊರಬಿತ್ತು. ನೀವು ತಗೊಳ್ಳಿ, ನೀವೇ ತಗೊಳ್ಳಿ ಎಂಬ ಕೂಗಾಟಕ್ಕೆ ಕಾರಿನ ಗಾಜು ಅದುರಿತು.

"ಒಂದು ನಿಮಿಷ!" ಕಾಂಪೌಂಡರ್ ಎದ್ದು ನಿಂತರು. ಕಾರ್ಯದರ್ಶಿಯ ಕೈಯೂ ಜೊತೆಗೆ ಎದ್ದಿತು. "ಇಷ್ಟೆಲ್ಲ ಗಲಾಟೆ ಆಯ್ತಲ್ಲ, ಇವರ ನಾಡಿ ಎಷ್ಟು ಗೊತ್ತಾ? ಎಪ್ಪತ್ತು! ಬೆಳಗ್ಗೆಯಿಂದ ಒಂದಿಷ್ಟೂ ಅಲುಗಾಡಿಲ್ಲ!"

ಎಲ್ಲರ ಕಣ್ಣೂ ಕಾರ್ಯದರ್ಶಿಯ ಮೇಲೆ ಬಿದ್ದವು.

"ಅಂದ್ರೆ," ವಕೀಲರು ನಿಧಾನವಾಗಿ ಹೇಳಿದರು, "ಈ ಕಟ್ಟಡದಲ್ಲಿ ಎಷ್ಟು ಬೈದ್ರೂ ಏನೂ ಆಗದ ಗುಂಡಿಗೆ ಇರೋದು ಇವರೊಬ್ಬರಿಗೇ."

"ಅಯ್ಯೋ, ಪಂಪು! ಮೋಟಾರು! ಜುಂ ಅನ್ನುತ್ತೆ ಅಂದೆನಲ್ಲ!" ಕಾರ್ಯದರ್ಶಿ ಕಿರುಚಿದ.

"ಇಲ್ಲ ಕಣ್ರೀ, ಹೆದರಬೇಡಿ!" ಹಿಂದಿನ ಸಾಲಿನಿಂದ ಹೆಂಡತಿ ಎದ್ದು ಬಂದಳು. ಸಂತೋಷಕ್ಕೆ ಅವಳ ಕಣ್ಣು ತುಂಬಿತ್ತು. "ನನಗೇ ಜೀವ ಹೋದಂಗಾಗಿ ಮಧ್ಯಾಹ್ನದಿಂದ ಡಾಕ್ಟರಿಗೆ ಫೋನ್ ಮಾಡ್ತಾನೇ ಇದ್ದೆ. ಈಗ ಸಿಕ್ಕಿದ್ರು. ಪಂಪು, ಲಿಫ್ಟು ಯಾವುದಕ್ಕೂ ಭಯ ಬೇಡವಂತೆ. ಎಲ್ಲಾ ಕೆಲಸ ಮೊದಲಿನ ಹಾಗೇ ಮಾಡಬಹುದಂತೆ. ನಿಮಗೆ ಅವತ್ತೇ ಹೇಳಿದ್ರಂತಲ್ಲ!"

ವಕೀಲರು ಗೊಂಚಲನ್ನೆತ್ತಿ, ಕಾಂಪೌಂಡರ್ ಹಿಡಿದಿದ್ದ ಅಂಗೈಯಲ್ಲಿಟ್ಟು ಬೆರಳು ಮಡಚಿದರು.

"ಅಮ್ಮಾ, ಈ ಬ್ಯಾಟರಿ ಎಷ್ಟು ವರ್ಷ ಬರುತ್ತಂತೆ?"

"ಹತ್ತು ವರ್ಷಕ್ಕೆ ಮೋಸ ಇಲ್ಲವಂತೆ ಸರ್," ಎಂದಳು ಅವಳು ಹೆಮ್ಮೆಯಿಂದ.

"ಬರ್ಕೊಳ್ಳಿ," ಎಂದರು ವಕೀಲರು. "ಮುಂದಿನ ಚುನಾವಣೆ ಬ್ಯಾಟರಿ ಬದಲಾಯಿಸಿದ ಮೇಲೆ."

ಚಪ್ಪಾಳೆಯೋ ಚಪ್ಪಾಳೆ. ಕಾರ್ಯದರ್ಶಿಗೆ ಅಳು ಒತ್ತರಿಸಿ ಬಂತು. ಅದನ್ನು ತಡೆದುಕೊಂಡು ಪಂಪ್ ರೂಮಿನ ಕಡೆ ಹೊರಟ. ಕಾಂಪೌಂಡರ್ ಕೈ ಬಿಡದೆ ಜೊತೆಗೇ ನಡೆದರು.

"ಎಪ್ಪತ್ತೇ!" ಎಂದು ಅವರು ಸಭೆಯತ್ತ ತಿರುಗಿ ಕೂಗಿದರು.