ಮಾಗಳದ ಮಾಸ್ತರರ ಬೀಗವಿಜಯ

ಕಿರೀಟಗಳು ತುಕ್ಕು ಹಿಡಿದು, ಕೋಟೆಗಳು ಕುಸಿದು, ಮನುಷ್ಯನು ತನ್ನ ಮಾನವನ್ನೂ ಮರ್ಮವನ್ನೂ ಅಂಗೈಯಗಲದ ಗಾಜಿನ ಹಲಗೆಯೊಳಗೆ ಬಚ್ಚಿಟ್ಟುಕೊಂಡು ತಿರುಗುವ ಈ ಕಲಿಕಾಲದಲ್ಲಿ, ರಾಣೆಬೆನ್ನೂರು ಸೀಮೆಯ ಒಂದು ಪ್ರೌಢಶಾಲೆಯೊಳಗೆ, ಸಂಧಿಸಮಾಸಸಂಹಾರಕನೂ ರಕ್ತಮಸಿಲೇಖನೀಖಡ್ಗಧರನೂ ಆದ ಗುರುಶಾಂತಪ್ಪ ಮಾಗಳದ ಎಂಬ ಕನ್ನಡ ಮಾಸ್ತರನಿದ್ದನು. ಎಲೈ ವಾಣಿಯೇ, ಆ ವೀರನ ಸಮರವನ್ನು ಹೇಳುವ ಬಲವನ್ನು ನಾಲಗೆಗೆ ಕೊಡು; ನಡುವೆ ನಗು ಬಂದರೆ ತಡೆದುಕೊಳ್ಳುವ ಬಲವನ್ನೂ ಕೊಡು.

ಈ ಪುಣ್ಯಾತ್ಮನು ಶಾಲೆಯ ಶಿಸ್ತು ಸಮಿತಿಯ ಮುಖ್ಯಸ್ಥ. ಸಿನಿಮಾ ಹಾಡು ಗುನುಗಿದಳೆಂದು ಒಬ್ಬ ಹುಡುಗಿಯನ್ನು ಎರಡು ತಾಸು ಬಾಗಿಲ ಹೊರಗೆ ನಿಲ್ಲಿಸಿದವನು. ಅಂಥವನು, ಹೆಂಡತಿ ಸಂತೆಗೆ ಹೋದ ಹೊತ್ತು ನೋಡಿ ಬಚ್ಚಲಮನೆಯ ಅಗುಳಿ ಹಾಕಿಕೊಂಡು, ಹಾಡುವವರ ಆ್ಯಪೊಂದರಲ್ಲಿ ‘ಕೋಗಿಲಕಂಠ’ ಎಂಬ ನಾಮಧೇಯದಿಂದ, ಮುಖ ಕಾಣದ ಹೆಂಗಸರೊಡನೆ ಪ್ರೇಮಗೀತೆಗಳನ್ನು ಹಾಡುತ್ತಿದ್ದನು. ಮೂವತ್ತೆರಡು ಹಾಡು, ಹನ್ನೊಂದು ಅಭಿಮಾನಿಗಳು. ಆ ಹನ್ನೊಂದು ಮಂದಿಯ ಮೇಲೆ ಅವನಿಗಿದ್ದ ಮಮತೆ ಶಾಲೆಯ ಮಕ್ಕಳೆಲ್ಲರನ್ನೂ ಕೂಡಿಸಿದರೂ ಅವರ ಮೇಲಿರಲಿಲ್ಲ.

ಈ ಗುಟ್ಟು ಹೊರಬಿದ್ದರೆ ತನ್ನ ಗತಿಯೇನೆಂದು ನಡುಗಿ, ವೀರನು ದುರ್ಗರಚನೆಗೆ ತೊಡಗಿದನು. ಫೋನಿಗೆ ಒಂಬತ್ತು ಚುಕ್ಕೆಯ ಪ್ಯಾಟರ್ನ್ ಹಾಕಿದನು. ಆ್ಯಪಿಗೆ ಬೇರೆಯೇ ಬೀಗವಿಟ್ಟು, ತನ್ನ ಬಲಗೈ ಹೆಬ್ಬೆರಳಿನ ಹೊರತು ತೆರೆಯದಂತೆ ಮಾಡಿದನು. ಅದರ ಚಿತ್ರವನ್ನು ಪರದೆಯಿಂದಲೇ ಅಳಿಸಿ ಅಡಗಿಸಿದನು. ಗಾಜಿನ ಮೇಲೆ ಉಳಿದ ಬೆರಳ ಜಿಡ್ಡನ್ನು ನೋಡಿ ಯಾರಾದರೂ ಪ್ಯಾಟರ್ನ್ ಊಹಿಸಿಯಾರೆಂದು ಗಳಿಗೆಗೊಮ್ಮೆ ಕರವಸ್ತ್ರದಿಂದ ಒರೆಸಿದನು. ಆದರೆ ಪದೇ ಪದೇ ಹೆಬ್ಬೆರಳೊತ್ತಲು ಬೇಸತ್ತು, ಒಮ್ಮೆ ತೆರೆದರೆ ಪರದೆ ಆರುವ ತನಕ ಮತ್ತೆ ಬೆರಳು ಕೇಳಕೂಡದೆಂದು ಬೀಗಕ್ಕೆ ತಾನೇ ಅಪ್ಪಣೆ ಕೊಟ್ಟನು. ಮಹಾವೀರರು ಸೋಮಾರಿಗಳಾಗುವುದು ಹೀಗೆಯೇ.

ಶುಕ್ರವಾರ ಊಟದ ಬಿಡುವಿನಲ್ಲಿ, ಶಿಕ್ಷಕರ ಕೋಣೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದ ಗಣಿತದ ನದಾಫ ಮಾಸ್ತರರ ಎದುರು ಆತನು ಎದೆಯುಬ್ಬಿಸಿ ನುಡಿದನು: “ನದಾಫರೇ, ಪರಹಸ್ತಕ್ಕೆ ಈ ಯಂತ್ರವು ವಜ್ರಶಿಲೆ. ಯಮನೇ ಎದುರು ನಿಂತು ಬೇಡಿದರೂ ಪ್ರಾಣ ಕೊಟ್ಟೇನು, ಪ್ಯಾಟರ್ನ್ ಕೊಡೆನು.”

ತಮ್ಮ ಫೋನಿಗೆ ಬೀಗವೇ ಇಲ್ಲವೆಂದೂ, ಈವರೆಗೆ ಯಾರೂ ಅದನ್ನು ಮುಟ್ಟಿಲ್ಲವೆಂದೂ ಹೇಳಿ ನದಾಫರು ಮುಂದಿನ ಪತ್ರಿಕೆ ಎತ್ತಿಕೊಂಡರು.

ಮಾಗಳದನು ಕಿಟಕಿಯ ಬಳಿ ಸರಿದು ಗೋಡೆಗೆ ಬೆನ್ನು ಕೊಟ್ಟು, ಹನ್ನೆರಡನೆಯ ಅಭಿಮಾನಿ ಹುಟ್ಟಿರುವನೋ ಎಂದು ಹೆಬ್ಬೆರಳೊತ್ತಿ ಇಣುಕಿದನು. ಹುಟ್ಟಿರಲಿಲ್ಲ. ಅಷ್ಟರಲ್ಲಿ, ಸೀಟಿಯ ಒಂದೇ ಊದಿಗೆ ಮೈದಾನವನ್ನೇ ಕಲ್ಲಾಗಿಸುವ ಘೋರಪರಾಕ್ರಮಿ, ದೈಹಿಕ ಶಿಕ್ಷಕಿ ಶಾಂತವ್ವ ಬಾರ್ಕಿಯವರು ಒಂದು ಕೈಯಲ್ಲಿ ಮಂಡಕ್ಕಿ ಗಿರ್ಮಿಟ್ಟಿನ ಪೊಟ್ಟಣ ಹಿಡಿದು ಒಳನುಗ್ಗಿದರು.

“ಸರ್, ಪರೀಕ್ಷಾ ಡ್ಯೂಟಿ ಲಿಸ್ಟ್ ಗ್ರೂಪಿಗೆ ಬಂದೈತಂತ. ನಂದು ಚಾರ್ಜ್ ಇಲ್ಲ, ನಿಮ್ದು ಕೊಡ್ರಿ ಇಲ್ಲೆ.”

ಕೊಡಲಾರೆನೆಂದರೆ ಸಂಶಯ, ಕೊಟ್ಟರೆ ಸರ್ವನಾಶ. ವೀರನು ಬೆವರುತ್ತ ಗ್ರೂಪಿನ ಪಟ್ಟಿಯನ್ನು ತೆರೆದನು; ತಾನೇ ಓದಿ ಹೇಳುವೆನೆಂದನು. ಬಾರ್ಕಿಯವರು ಮಾತಿಗೆ ಕಾಯದೆ ಫೋನನ್ನೇ ಕಸಿದುಕೊಂಡರು. ಶಿಖರದಿಂದ ಉರುಳಿದ ಬಂಡೆಯಂತೆ ಆತನು ಎರಡು ಹೆಜ್ಜೆ ಮುನ್ನುಗ್ಗಿ, ಮಹಿಳೆಯ ಕೈಗೆ ಕೈ ಹಾಕುವುದು ಶಿಸ್ತಲ್ಲವೆಂದು ನೆನಪಾಗಿ, ಅಲ್ಲೇ ಕಂಬವಾದನು.

ಪಟ್ಟಿ ಓದಿ ಮುಗಿಸಿ, ಎಣ್ಣೆ ಹತ್ತಿದ ಹೆಬ್ಬೆರಳನ್ನು ಅವರು ಪಕ್ಕಕ್ಕೆ ಎಳೆದದ್ದೇ ತಡ, ಹಿಂದೆ ತೆರೆದೇ ಉಳಿದಿದ್ದ ಆ್ಯಪ್ ಮುಂದಕ್ಕೆ ಜಾರಿ ಬಂತು. ಬೀಗವು ಬೆರಳು ಕೇಳಲಿಲ್ಲ. ಎಣ್ಣೆಯ ಹೆಬ್ಬೆರಳು ಇನ್ನೆಲ್ಲೋ ತಗಲಿತು. ಕೋಣೆಯ ತುಂಬ ಕೋಗಿಲಕಂಠನ ಕಂಠವು, ನಲ್ಲೆಯ ಕಣ್ಣುಗಳನ್ನು ವರ್ಣಿಸುತ್ತ, ಎರಡು ಸಾಲು ಮೊಳಗಿತು. ಮಾಗಳದನ ಕಣ್ಣು ಕತ್ತಲಿಟ್ಟಿತು. ಬಾಗಿಲ ಹೊರಗೆ ತಾನೇ ನಿಂತಂತೆ, ಮೂರೂ ತರಗತಿಯ ಮಕ್ಕಳು ಸಾಲುಗಟ್ಟಿ ನೋಡಿದಂತೆ ಅವನಿಗೆ ಕಂಡಿತು.

“ಏನ್ ಜಾಹೀರಾತು ಬರ್ತಾವಪ್ಪಾ,” ಎಂದು ಬಾರ್ಕಿಯವರು ಹುಬ್ಬು ಗಂಟಿಕ್ಕಿ ಅದನ್ನು ಮುಚ್ಚಿದರು. ಏನದು ಎಂದು ನದಾಫರು ತಲೆಯೆತ್ತದೆಯೇ ಕೇಳಿದರು. ಯಾವನೋ ಮೂಗಿನಾಗ ಹಾಡ್ತಿದ್ದ ಎಂದು ಹೇಳಿ, ಬಾರ್ಕಿಯವರು ಫೋನನ್ನು ಒಡೆಯನ ಕೈಗಿತ್ತರು.

ಗುಟ್ಟು ಉಳಿಯಿತು, ಮಾನ ಉಳಿಯಿತು, ದುರ್ಗ ಉಳಿಯಿತು. ಜಯಶಾಲಿಯಾದ ಗುರುಶಾಂತಪ್ಪನು ಕುರ್ಚಿಯಲ್ಲಿ ಕುಳಿತನು, ಕೂರಲಾಗದೆ ಎದ್ದನು, ಕೊನೆಗೆ ಬಾರ್ಕಿಯವರ ಮೇಜಿನ ಬಳಿ ಹೋಗಿ, ತಗ್ಗಿದ ದನಿಯಲ್ಲಿ ಕೇಳಿಯೇ ಬಿಟ್ಟನು.

“ಮೇಡಂ, ಅದು ಅಷ್ಟೇನು ಮೂಗಿನ ದನಿ ಅಲ್ಲ, ಅಲ್ರೀ?”

ಬಾರ್ಕಿಯವರು ಗಿರ್ಮಿಟ್ಟಿನಿಂದ ಮುಖವೆತ್ತಿದರು.

“ಯಾವುದ್ರಿ ಸರ್?”